ಹನ್ನೊಂದನೇ ತಾರೀಖು

ಗಂಡ ಸತ್ತ ಮೇಲೆ ಫಕೀರಮ್ಮ ಒಂದು ಕೆಲಸವನ್ನು ಚೆನ್ನಾಗಿ ಕಲಿತಿದ್ದಳು. ಯಾರಾದರೂ ಕಾಗದ ಮುಂದಿಟ್ಟು ಬೆರಳು ತೋರಿಸಿದರೆ ಅಲ್ಲಿ ಸಹಿ ಮಾಡುವುದು. ಆಸ್ಪತ್ರೆಯಲ್ಲಿ ಮಾಡಿದಳು, ಆಂಬ್ಯುಲೆನ್ಸಿನವನ ಚೀಟಿಗೆ ಮಾಡಿದಳು, ತಹಶೀಲ್ದಾರ ಕಚೇರಿಯಲ್ಲಿ ಮಾಡಿದಳು. ಒಂದು ಕಡೆಯೂ ಏನು ಬರೆದಿದೆ ಎಂದು ಕೇಳಲಿಲ್ಲ. ಕೇಳಿ ಆಗಬೇಕಾದ್ದೇನಿತ್ತು?

ಗಂಡ ಕುಷ್ಟಗಿ ತಾಲೂಕಿನ ಬಿಳೇಗುಡ್ಡ ಪಂಚಾಯ್ತಿಯಲ್ಲಿ ಹತ್ತೊಂಬತ್ತು ವರ್ಷ ಬಿಲ್ ಕಲೆಕ್ಟರ್ ಆಗಿದ್ದ. ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆ ತಿರುಗಿ ಮನೆ ಕರ, ನೀರಿನ ಕರ ಎತ್ತುವ ಕೆಲಸ. ಅನುಕಂಪದ ಮೇಲೆ ಆ ಕೆಲಸ ಇವಳಿಗೆ ಬಂತು. ಯಲಬುರ್ಗಾ ಕಡೆಯ ತವರೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಇಪ್ಪತ್ತೆರಡು ವರ್ಷವಾಗಿದ್ದವು. ಆದೇಶದಲ್ಲಿ ತಾತ್ಕಾಲಿಕ ಎಂದಿತ್ತು. ಆರು ತಿಂಗಳಲ್ಲಿ ಕಂಪ್ಯೂಟರ್ ಕಲಿಯಬೇಕು, ಆಮೇಲೆ ಕೊಪ್ಪಳದಿಂದ ಅನುಮೋದನೆ ಬರಬೇಕು, ಬಾರದಿದ್ದರೆ ಕೆಲಸ ಇಲ್ಲ. ಗಂಗಾವತಿಯ ಹಾಸ್ಟೆಲಿನಲ್ಲಿ ಮಗಳು ಪಿಯುಸಿ ಓದುತ್ತಿದ್ದಳು. ಇಬ್ಬರಿಗೂ ಇದ್ದದ್ದು ಇದೊಂದೇ ಆಸರೆ.

ಕಲಿಸುವುದಕ್ಕೆ ಮೊದಲೆಲ್ಲ ಹೊರಗಿನವರು ಬರುತ್ತಿದ್ದರು. ಗೋಡೆಯ ಮೇಲೆ ಚಿತ್ರ ಬಿಟ್ಟು, ಉಪ್ಪಿಟ್ಟು ತಿಂದು, ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಒಬ್ಬನಿಗೂ ಒಂದಕ್ಷರ ಹತ್ತಲಿಲ್ಲ. ಕೊನೆಗೆ ಯಾರಿಗೋ ಬುದ್ಧಿ ಬಂದು, ಬಲ್ಲ ನೌಕರರೇ ಬಾರದ ನೌಕರರಿಗೆ ಕಲಿಸಬೇಕು ಎಂದು ಆದೇಶವಾಯಿತು. ಈ ಗುರುವಾರ ಕಲಿತವರು ಮುಂದಿನ ಗುರುವಾರ ಇನ್ನೊಬ್ಬರಿಗೆ ಕಲಿಸಬೇಕು. ಯಾರಿಗೆ ಕಲಿಸಿದಿರಿ, ಏನು ಕಲಿಸಿದಿರಿ ಎಂದು ಒಂದು ನೋಟುಬುಕ್ಕಿನಲ್ಲಿ ಬರೆಯಬೇಕು. ಸುತ್ತಲಿನ ಮೂರು ಪಂಚಾಯ್ತಿಯವರು ಬಿಳೇಗುಡ್ಡಕ್ಕೇ ಬರುತ್ತಿದ್ದರು, ಯಾಕೆಂದರೆ ಅಲ್ಲಿ ನಾಲ್ಕು ಕಂಪ್ಯೂಟರ್ ಇದ್ದವು. ನಾಲ್ಕರಲ್ಲಿ ಮೂರು ನಡೆಯುತ್ತಿದ್ದವು.

ಮೊದಲ ಗುರು ಮೇಘಾ. ಪಂಚಾಯ್ತಿಯ ಕಂಪ್ಯೂಟರ್ ಆಪರೇಟರ್, ಇಪ್ಪತ್ತಾರರ ಹುಡುಗಿ, ಗುತ್ತಿಗೆಯ ಮೇಲೆ ಇದ್ದವಳು. ಒಂದು ಫೋನು ಬಂದರೆ ನಾಳೆಯಿಂದ ಬರಬೇಡ ಎನ್ನಿಸಿಕೊಳ್ಳುವ ಕೆಲಸ. ಅವಳು ಎರಡೇ ನಿಯಮ ಹಾಕಿದ್ದಳು. ಕಲಿಸುವವರ ಕೈ ಕಲಿಯುವವರ ಕೀಲಿಮಣೆಯನ್ನು ಮುಟ್ಟಬಾರದು, ಬಾಯಿಯಿಂದಲೇ ಹೇಳಬೇಕು. ಕೊನೆಯ ಗುಂಡಿ ಒತ್ತುವ ಮೊದಲು ಮೇಲಿಂದ ಕೆಳಗಿನವರೆಗೆ ಒಮ್ಮೆ ಓದಬೇಕು.

ಫಕೀರಮ್ಮ ಎಲ್ಲರಿಗಿಂತ ಬೇಗ ಕಲಿತಳು. ಮೇಘಾ ಹೊಗಳಿದಳು, ಇವಳಿಗೆ ಹೊಗಳಿಕೆ ತಾಗಲಿಲ್ಲ. ಉಳಿದವರು ಯಂತ್ರ ಕೆಟ್ಟೀತು, ಸಾಹೇಬರು ಬೈದಾರು, ಪಕ್ಕದವರು ನಕ್ಕಾರು ಎಂದು ಅಂಜಿ ಅಂಜಿ ಬೆರಳಿಡುತ್ತಿದ್ದರು. ಫಕೀರಮ್ಮನೊಳಗೆ ಅಂಜಿಕೆ ಕೂರುವ ಜಾಗವೇ ಉಳಿದಿರಲಿಲ್ಲ. ಅದು ಒತ್ತು ಎಂದರೆ ಒತ್ತುವಳು, ಇದು ಬರೆ ಎಂದರೆ ಬರೆಯುವಳು. ಮನೆಗೆ ಹೋಗಿ ರೊಟ್ಟಿ ಬಡಿಯುವಳು. ರೊಟ್ಟಿ ಹೆಚ್ಚಾದರೆ ಎರಡು ಹೆಚ್ಚಾಗಿವೆ ಎಂದಷ್ಟೇ ನೋಡುವಳು.

ಅವಳು ಕಲಿಸಬೇಕಾದದ್ದು ವಿರುಪಣ್ಣನಿಗೆ. ಊರಿಗೆ ನೀರು ಬಿಡುವವನು, ಐವತ್ತಾರು ವರ್ಷ, ಮೂಗಿನ ತುದಿಯಲ್ಲಿ ಸಿಟ್ಟು. ಗಂಡನ ಗೆಳೆಯ, ಇವಳನ್ನು ತಂಗಿ ಎಂದೇ ಕರೆಯುವವನು. ಮೌಸನ್ನು ಇಟ್ಟಂಗಿ ಎತ್ತಿದ ಹಾಗೆ ಎತ್ತುತ್ತಿದ್ದ.

"ನನ್ನ ವಾಲ್ವ್ ನೋಡು ತಂಗಿ. ಈ ಕಡೆ ತಿರುವಿದ್ರ ನೀರ ಬರ್ತದ, ಆ ಕಡೆ ತಿರುವಿದ್ರ ನಿಂದರ್ತದ. ಈ ಡಬ್ಬಿಗೆ ಅಷ್ಟೂ ನ್ಯಾಯ ಇಲ್ಲ."

"ಕೆಳಗ ಇಡ್ರಿ ಅಣ್ಣಾರ. ಮ್ಯಾಲ ಎತ್ತಿದ್ರ ಅದು ನಡೆಯಂಗಿಲ್ಲ," ಎನ್ನುವಳು ಫಕೀರಮ್ಮ. ಪ್ರತಿ ಗುರುವಾರವೂ ಅದನ್ನೇ ಹೇಳುವಳು. ಒತ್ತುವ ಮೊದಲು ಓದ್ರಿ ಎಂದೂ ಹೇಳುವಳು. ಅವಳ ದನಿ ಏರುತ್ತಿರಲಿಲ್ಲ. ಅದಕ್ಕೇ ವಿರುಪಣ್ಣನೂ ತಡೆದುಕೊಂಡಿದ್ದ.

ಮೂರನೇ ತಿಂಗಳು ಮರಣ ನೋಂದಣಿಯ ಪಾಠ ಬಂತು. ಊರಿನಲ್ಲಿ ಯಾರಾದರೂ ಸತ್ತರೆ ಪಂಚಾಯ್ತಿಯಲ್ಲೇ ಕಂಪ್ಯೂಟರಿನಲ್ಲಿ ದಾಖಲು ಮಾಡಬೇಕು. ಮೇಘಾ ಫಾರ್ಮು ತೆರೆದಿಟ್ಟು, ಕಲಿಯುವುದಕ್ಕಾಗಿ ಯಾವುದಾದರೂ ಹೆಸರು ತುಂಬಿರಿ, ಕೊನೆಯ ಹಸಿರು ಗುಂಡಿ ಮಾತ್ರ ಒತ್ತಬೇಡಿರಿ, ಒತ್ತಿದರೆ ಅದು ನಿಜವಾದ ದಾಖಲೆಯಾಗುತ್ತದೆ ಎಂದಳು.

ಏಳು ಜನ ಕೈ ಕಟ್ಟಿಕೊಂಡು ಕುಳಿತರು. ಕಂದಾಯದ ಲೆಕ್ಕ ಇದ್ದಾಗ ಬಾಯಿಗೆ ಬಂದ ಹೆಸರು ಬರೆದವರು, ಈಗ ಒಬ್ಬರೂ ಕೀಲಿಮಣೆ ಮುಟ್ಟಲಿಲ್ಲ.

"ಸುಮ್ನ ಕಲಿಯಾಕರಿ," ಎಂದಳು ಮೇಘಾ. "ಬೇಕಾದ್ರ ನನ್ನ ಹೆಸರ ಹಾಕ್ರಿ."

"ಮೊದಲ ಬಾಯಿ ತೊಳಕೊಂಡು ಬಾ," ಎಂದು ವಿರುಪಣ್ಣ ಸಿಡಿದ. "ಇನ್ನೂ ಲಗ್ನ ಆಗಬೇಕಾದ ಹುಡುಗಿ. ಸಾವಿನ ಕಾಗದದಾಗ ಬದುಕಿದವರ ಹೆಸರ ಬರೀತಾರೇನು?"

ಪಕ್ಕದ ಪಂಚಾಯ್ತಿಯ ಅಲ್ತಾಫ ತನ್ನ ಮುತ್ತಜ್ಜನನ್ನು ಹಾಕಿದ. ಯಂತ್ರ ಆಧಾರ್ ಸಂಖ್ಯೆ ಕೇಳಿತು. ಮುತ್ತಜ್ಜನಿಗೆಲ್ಲಿಯ ಆಧಾರ್? ಅಲ್ಲಿಗೇ ನಿಂತಿತು. ಇನ್ನೊಬ್ಬನ ಸೋದರತ್ತೆ ಸತ್ತ ತಾರೀಖು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಎಮ್ಮಿ ಹೋದ ವಾರ ಹೋತು, ಅದನ್ನ ಹಾಕಲೇನು ಎಂದು ಒಬ್ಬ ಕೇಳಿದ. ಅದರವ್ವನ ಹೆಸರನ್ನೂ ಕೇಳ್ತದ ನೋಡು ಎಂದ ಅಲ್ತಾಫ. ಎಲ್ಲರೂ ನಕ್ಕರು.

ಫಕೀರಮ್ಮ ನಗಲಿಲ್ಲ. ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡಳು.

ಮದುವೆಯಾದ ದಿನ ಹೊಸ್ತಿಲಲ್ಲಿ ನಾದಿನಿಯರು ಅಡ್ಡ ನಿಂತಾಗ ಒಡಪು ಕಟ್ಟಿ ಅದರೊಳಗೆ ಗಂಡನ ಹೆಸರು ಹೇಳಿದ್ದಳು. ಅದೇ ಮೊದಲು, ಅದೇ ಕೊನೆ. ಆಮೇಲೆ ಹದಿನೆಂಟು ವರ್ಷ ಅವನು ನಮ್ಮನಿಯವರು ಆಗಿದ್ದ, ಮಗಳ ಅಪ್ಪ ಆಗಿದ್ದ. ಅವನು ಸತ್ತ ಮೇಲೆ ಕಚೇರಿಗಳಲ್ಲಿ ಹೆಸರು ಕೇಳಿದರೆ ಇವಳು ಕಾಗದ ತೋರಿಸುತ್ತಿದ್ದಳು, ಇಲ್ಲವೆ ಜೊತೆಗೆ ಬಂದ ವಿರುಪಣ್ಣ ಹೇಳುತ್ತಿದ್ದ. ಈಗ ಬೆರಳಿಂದ ಬರೆದಳು. ಗ್ಯಾನಪ್ಪ. ಕೆಟ್ಟದ್ದೇನೂ ಆಗಲಿಲ್ಲ. ಪರದೆಯ ಮೇಲೆ ಕಪ್ಪು ಅಕ್ಷರ ಮೂಡಿದವು, ಅಷ್ಟೆ.

ಮುಂದಿನದೆಲ್ಲ ಸಲೀಸು. ಹನ್ನೆರಡು ಅಂಕಿಯ ಆಧಾರ್ ಸಂಖ್ಯೆ ಅವಳಿಗೆ ಬಾಯಿಪಾಠವಾಗಿತ್ತು. ಅತ್ತೆಯ ಹೆಸರು ಮುದಕಮ್ಮ. ತಾರೀಖಿನ ಕಡೆ ಬಂದಾಗ ಬೆರಳು ಒಂದಿಷ್ಟು ನಿಂತಿತು. ಆಸ್ಪತ್ರೆಯ ಕಾಗದದಲ್ಲಿ ಹದಿನಾಲ್ಕು ಎಂದಿತ್ತು. ಆದರೆ ಹನ್ನೊಂದರ ಬೆಳಿಗ್ಗೆ ಅವನು ಚೀಲ ಹೆಗಲಿಗೇರಿಸಿ, ಚಹಾ ಇಟ್ಟಿರು, ಟಾಕಿ ಕಡೆ ಹೋಗಿ ಬರ್ತೀನಿ ಎಂದು ಹೇಳಿ ಹೋದ. ನೀರಿನ ಟಾಕಿಯ ಬುಡದಲ್ಲಿ ರಸೀದಿ ಬರೆಯುತ್ತ ಬರೆಯುತ್ತಲೇ ಬಿದ್ದ. ಆಮೇಲೆ ಕೊಪ್ಪಳದ ಆಸ್ಪತ್ರೆಯಲ್ಲಿ ಮೂರು ದಿನ ಬಾಯಿಗೆ ಕೊಳವೆ ಹಾಕಿ ಮಲಗಿಸಿದ್ದರು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಏರಿಸುತ್ತಿದ್ದದ್ದು ಯಂತ್ರ. ಹದಿನಾಲ್ಕು ಆ ಯಂತ್ರ ನಿಲ್ಲಿಸಿದ ತಾರೀಖು.

ಅವಳು ಹನ್ನೊಂದು ಎಂದು ಬರೆದಳು. ಸ್ಥಳ, ಬಿಳೇಗುಡ್ಡ. ವೇಳೆ, ಒಂಬತ್ತೂಕಾಲು.

ಆ ದಿನ ಯಾರ ಫಾರ್ಮೂ ಎರಡನೇ ಪುಟ ದಾಟಿರಲಿಲ್ಲ. ಇವಳದು ಕೊನೆ ಮುಟ್ಟಿತು. ಕೊನೆಯಲ್ಲಿ ಹಸಿರು ಗುಂಡಿ ಇತ್ತು. ಎಂಟು ತಿಂಗಳಿಂದ ಕಾಗದದ ತಳದಲ್ಲಿ ಸಹಿ ಮಾಡುತ್ತ ಬಂದ ಕೈ ಅದು. ಮೇಲೆ ಓದಲೂ ಇಲ್ಲ, ಒತ್ತಿತು. ಒಂದು ಸಂಖ್ಯೆ ಬಂತು. ಅಷ್ಟರಲ್ಲಿ ಕರೆಂಟು ಹೋಯಿತು, ಎಲ್ಲರೂ ಚಹಾಕ್ಕೆ ಎದ್ದರು. ಅವಳು ಯಾರಿಗೂ ಹೇಳಲಿಲ್ಲ. ಮುಚ್ಚಿಟ್ಟಳೆಂದಲ್ಲ, ಹೇಳಬೇಕಾದ ಸಂಗತಿ ಎಂದು ಅವಳಿಗೆ ತೋಚಲೇ ಇಲ್ಲ.

ಅದನ್ನು ತಡೆಯಬೇಕಾದವರು ಪಂಚಾಯ್ತಿಯ ಪಿಡಿಒ ಸಾಹೇಬರು. ಆಪರೇಟರ್ ಕಂಪ್ಯೂಟರಿನಲ್ಲಿ ತುಂಬಿದ್ದನ್ನು ಅವರು ನೋಡಿ ಒಪ್ಪಿಗೆ ಕೊಟ್ಟರೆ ಮಾತ್ರ ದಾಖಲೆ ನಿಲ್ಲುತ್ತದೆ. ಶನಿವಾರ ಅವರು ಕಿವಿಗೆ ಫೋನು ಹಚ್ಚಿಕೊಂಡು, ಬಾಕಿ ಬಿದ್ದ ಹದಿನೇಳನ್ನೂ ಒಂದೇ ಏಟಿಗೆ ಒಪ್ಪಿಗೆ ಹೊಡೆದರು. ಹದಿನೇಳರಲ್ಲಿ ಗ್ಯಾನಪ್ಪನೂ ಇದ್ದ.

ಆರು ವಾರ ಕಳೆದು ಕೊಪ್ಪಳದ ಕಚೇರಿಯಿಂದ ಪತ್ರ ಬಂತು. ಒಬ್ಬನೇ ವ್ಯಕ್ತಿ ಹನ್ನೊಂದರಂದು ಬಿಳೇಗುಡ್ಡದಲ್ಲಿಯೂ ಹದಿನಾಲ್ಕರಂದು ಕೊಪ್ಪಳದಲ್ಲಿಯೂ ಮೃತಪಟ್ಟಿರುವುದಾಗಿ ದಾಖಲಾಗಿದೆ. ಏಳು ದಿನದೊಳಗೆ ಲಿಖಿತ ವಿವರಣೆ ಕೊಡದಿದ್ದರೆ ಶ್ರೀಮತಿ ಫಕೀರಮ್ಮ ಇವರ ಅನುಕಂಪದ ನೇಮಕಾತಿ ರದ್ದುಪಡಿಸಲಾಗುವುದು.

ಸುದ್ದಿ ಕೇಳಿ ಮೇಘಾಳ ಮುಖ ಸುಣ್ಣವಾಯಿತು. ಫಾರ್ಮು ತೆರೆದುಕೊಟ್ಟದ್ದು ಅವಳ ಪಾಸ್‌ವರ್ಡಿನಿಂದ. ಫಕೀರಮ್ಮ ಪತ್ರವನ್ನು ಎರಡು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಳು. ಮೈ ಬಿಸಿಯಾಗಲಿಲ್ಲ, ತಣ್ಣಗಾಗಲಿಲ್ಲ. ಮಗಳ ಹಾಸ್ಟೆಲನ್ನು ನೆನೆಸಿಕೊಂಡು ನೋಡಿದಳು. ಕಟ್ಟಡ ಕಣ್ಣಿಗೆ ಬಂತು, ಬೇರೇನೂ ಬರಲಿಲ್ಲ.

ಮರುದಿನ ಪಿಡಿಒ ಸಾಹೇಬರು ಅವಳನ್ನು ಒಳಗೆ ಕರೆದರು. ವಿವರಣೆಯ ಪತ್ರ ಆಗಲೇ ಸಿದ್ಧವಾಗಿತ್ತು. ಅವರು ಕುರ್ಚಿ ತೋರಿಸಿದರು, ಚಹಾ ತರಿಸಿದರು. ಹತ್ತೊಂಬತ್ತು ವರ್ಷ ದುಡಿದವನ ಹೆಂಡತಿ ನೀವು, ನಿಮಗೆ ಅನ್ಯಾಯ ಆಗಬಾರದು ಎಂದೆಲ್ಲ ಹೇಳಿದರು. ಆಮೇಲೆ ಕಾಗದದ ತಳದಲ್ಲಿ ಬೆರಳಿಟ್ಟರು.

"ನೀವು ಕಲಿಯಾಕ ಬಂದವರು, ನಿಮಗೇನ್ ಗೊತ್ತರಿ. ಇಲ್ಲೊಂದು ಸಹಿ ಮಾಡ್ರಿ, ಮುಗೀತು."

ಫಕೀರಮ್ಮ ಪೆನ್ನು ತೆಗೆದುಕೊಂಡಳು. ಕೈ ತಾನಾಗಿಯೇ ಹೋಯಿತು. ಮೊದಲ ಅಕ್ಷರ ಅರ್ಧ ಬರೆದಾಗಿತ್ತು. ಅಲ್ಲಿ ನಿಂತಿತು. ಧೈರ್ಯ ಬಂದು ನಿಂತದ್ದಲ್ಲ. ಹನ್ನೆರಡು ಗುರುವಾರ ವಿರುಪಣ್ಣನ ಪಕ್ಕ ಕುಳಿತು, ಒತ್ತೋಕಿಂತ ಮೊದಲ ಓದ್ರಿ ಅಣ್ಣಾರ, ಓದ್ರಿ ಎಂದು ಹೇಳಿ ಹೇಳಿ ಆ ಮಾತು ಅವಳ ಕಿವಿಯಲ್ಲೇ ಕೂತುಬಿಟ್ಟಿತ್ತು.

"ಒಮ್ಮೆ ಓದ್ತೀನ್ರಿ," ಎಂದಳು.

"ಓದಾಕ ಅದರಾಗೇನ್ ಐತಿ?"

ಅವಳು ಕಾಗದ ಎತ್ತಿಕೊಂಡು ಮೇಲಿನಿಂದ ಓದಿದಳು. ಆಪರೇಟರ್ ಮೇಘಾ ಇವಳು ನನ್ನ ಗಮನಕ್ಕೆ ತಾರದೆ, ನನ್ನ ಗಂಡನ ಹೆಸರಿನಲ್ಲಿ ಸುಳ್ಳು ಮಾಹಿತಿಯನ್ನು ದಾಖಲಿಸಿರುತ್ತಾಳೆ. ಸದರಿಯವಳ ಮೇಲೆ ಕ್ರಮ ಜರುಗಿಸಲು ಕೋರುತ್ತೇನೆ. ಓದಿ ಮುಗಿಸಿ ಕಾಗದವನ್ನು ಮೇಜಿನ ಮೇಲಿಟ್ಟಳು.

"ಇದು ಸುಳ್ಳೈತ್ರಿ ಸಾಹೇಬ್ರ. ಗುಂಡಿ ಒತ್ತಿದಾಕಿ ನಾನು."

ಸಾಹೇಬರಿಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಹಾಗೆ ಬರೆದುಕೊಟ್ಟರೆ ನಿಮ್ಮ ಕೆಲಸವೇ ಹೋಗುತ್ತದೆ, ಮಗಳ ಮುಖ ನೋಡಿರಿ, ಆ ಹುಡುಗಿಗೇನು ಇಲ್ಲದಿದ್ದರೆ ಇನ್ನೊಂದು ಕಡೆ ಸಿಗುತ್ತದೆ ಎಂದರು. ಫಕೀರಮ್ಮ ಕೇಳಿಸಿಕೊಂಡಳು. ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಆದರೆ ಗುಂಡಿ ಒತ್ತಿದ್ದು ಮೇಘಾ ಅಲ್ಲ. ಎಷ್ಟು ತಿರುಗಿಸಿ ನೋಡಿದರೂ ಅದು ಅಲ್ಲೇ ಇತ್ತು, ಅಡ್ಡ ಬಿದ್ದ ಬಂಡೆಯ ಹಾಗೆ. ಅವಳು ಪೆನ್ನಿನ ಮುಚ್ಚಳ ಹಾಕಿ ಕಾಗದದ ಪಕ್ಕ ಇಟ್ಟಳು.

ಸಾಹೇಬರ ದನಿ ಏರಿದಾಗ ಬಾಗಿಲಲ್ಲಿ ವಿರುಪಣ್ಣ ಬಂದು ನಿಂತ. ಎಷ್ಟು ಹೊತ್ತಿನಿಂದ ಅಲ್ಲಿದ್ದನೋ.

"ಅವತ್ತು ಶನಿವಾರ ಚಹಾ ತಂದಾವ ನಾನ ಅದೇನ್ರಿ. ಫೋನಿನಾಗ ನಕ್ಕೋತ ಹದಿನೇಳಕ್ಕೂ ಒಮ್ಮೇ ಹೊಡದ್ರಿ. ಅದನ್ನೂ ಬರಸ್ರಿ ಆ ಕಾಗದದಾಗ."

ಸಾಹೇಬರು ಹೊರಗೆ ಹೋಗೆಂದು ಕಿರುಚಿದರು. ಆದರೆ ಕಾಗದವನ್ನು ಮತ್ತೆ ಅವಳ ಮುಂದೆ ಸರಿಸಲಿಲ್ಲ.

ಮಧ್ಯಾಹ್ನ ಫಕೀರಮ್ಮ ಕಂಪ್ಯೂಟರಿನ ಮುಂದೆ ಕುಳಿತು ತನ್ನ ವಿವರಣೆಯನ್ನು ತಾನೇ ಬರೆದಳು. ಮೇಘಾ ಪಕ್ಕದಲ್ಲಿದ್ದಳು. ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕೈ ಮಾತ್ರ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು. ಕಲಿಯಲೆಂದು ತುಂಬಿದೆ, ಒತ್ತಬಾರದ ಗುಂಡಿಯನ್ನು ನಾನೇ ಒತ್ತಿದೆ, ಮೇಲೆ ಒಪ್ಪಿಗೆ ಹೇಗಾಯಿತೋ ನಾನು ಕಂಡಿಲ್ಲ. ಅಲ್ಲಿಯವರೆಗೆ ಸಲೀಸಾಗಿ ಬಂತು. ಇನ್ನೊಂದು ಸಾಲು ಉಳಿದಿತ್ತು. ಹನ್ನೊಂದನೇ ತಾರೀಖು ತಪ್ಪು, ನನ್ನ ಗಂಡ ತೀರಿಕೊಂಡದ್ದು ಹದಿನಾಲ್ಕರಂದು. ಇದನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದಳು.

"ಏನಾತಕ್ಕಾ? ಕೀಲಿ ಸಿಗವಲ್ದೇನು?" ಎಂದಳು ಮೇಘಾ.

"ಸಿಗ್ತದ," ಎಂದು ಐದನೇ ಸಲ ಬರೆದಳು.

ಮೇಘಾ ಅವಳಿಗೆ ತಪ್ಪು ದಾಖಲೆಯನ್ನು ರದ್ದು ಮಾಡುವ ದಾರಿಯನ್ನೂ ಹೇಳಿಕೊಟ್ಟಳು. ಆ ಪುಟ ಈಚೆಗಷ್ಟೇ ಬದಲಾಗಿತ್ತು. ಪಂಚಾಯ್ತಿಯಲ್ಲಿ ಅದನ್ನು ತೆರೆದು ನೋಡಬಹುದಿತ್ತು, ರದ್ದು ಮಾಡುವ ಅಧಿಕಾರ ಮಾತ್ರ ಇರಲಿಲ್ಲ, ಅದು ಕೊಪ್ಪಳದಲ್ಲೇ ಆಗಬೇಕಿತ್ತು. ಅಲ್ಲಿಯವರಿಗೆ ತಿಳಿಯದಿದ್ದರೆ ನೀವೇ ಹೇಳಿಕೊಡಿರಿ ಎಂದಳು.

ಆರನೇ ದಿನ ಫಕೀರಮ್ಮ ಕುಷ್ಟಗಿಗೆ ಬಂದು ಕೊಪ್ಪಳದ ಬಸ್ಸು ಹತ್ತಿದಳು. ರಸ್ತೆಯ ಎರಡೂ ಬದಿ ದಾಳಿಂಬೆ ತೋಟಗಳಿಗೆ ಬಿಳಿ ಪರದೆ ಹೊದಿಸಿದ್ದರು. ಹತ್ತು ತಿಂಗಳ ಹಿಂದೆ ಇದೇ ರಸ್ತೆಯಲ್ಲಿ ಆಂಬ್ಯುಲೆನ್ಸಿನಲ್ಲಿ ಹೋಗಿದ್ದಳು. ಆಗ ಹೊರಗೆ ಏನಿತ್ತೋ ನೆನಪಿರಲಿಲ್ಲ.

ಕಚೇರಿಯ ಅಧಿಕಾರಿ ಗೋವಿಂದರಾಜ ಕನ್ನಡಕ ಏರಿಸಿ ವಿವರಣೆಯನ್ನು ಎರಡು ಸಲ ಓದಿದರು. ಯಾರು ಬರೆದುಕೊಟ್ಟರು ಎಂದು ಕೇಳಿದರು. ನಾನೇ ಎಂದಳು. ಅವರು ನಂಬಲಿಲ್ಲ. ಇಂಥ ಕಡತದಲ್ಲಿ ಕಲಿಯದ ಹೆಂಗಸನ್ನು ಮುಂದೆ ಮಾಡಿ ಹಿಂದೆ ಇನ್ನೊಬ್ಬ ಆಟವಾಡುವುದನ್ನು ಬೇಕಾದಷ್ಟು ನೋಡಿದ್ದೇನೆ ಎಂದರು. ಆಮೇಲೆ ಹೊರಗಿನ ಮೇಜಿನ ಕಡೆ ಕೈ ಮಾಡಿದರು.

"ನೀವ ಒತ್ತೀರಿ ಅಂದ್ರ ಅದನ್ನ ತಗಿಯೂದೂ ಗೊತ್ತಿರಬೇಕಲ್ಲ. ಹೋಗಿ ನಮ್ಮ ಕ್ಲರ್ಕಿಗೆ ತೋರಸ್ರಿ, ನೋಡೂಣು."

ಕ್ಲರ್ಕು ಶಹನಾಜಬೇಗಂ ಐವತ್ತರ ಆಸುಪಾಸಿನವಳು. ಪುಟ ಬದಲಾದಂದಿನಿಂದ ರದ್ದತಿ ಎಲ್ಲಿದೆಯೆಂದೇ ತಿಳಿದಿಲ್ಲ, ಕೇಳಿದರೆ ಮರ್ಯಾದೆ ಹೋಗುತ್ತದೆಂದು ಒಂಬತ್ತು ಅರ್ಜಿಗಳನ್ನು ಡ್ರಾಯರಿನಲ್ಲಿ ಹಾಕಿಟ್ಟಿದ್ದೇನೆ ಎಂದು ಸಣ್ಣ ದನಿಯಲ್ಲಿ ಹೇಳಿದಳು. ಪಾಸ್‌ವರ್ಡ್ ಹಾಕಿ, ಕುರ್ಚಿ ಬಿಟ್ಟು ಏಳಲು ಹೋದಳು.

"ನೀವ ಕುಂದರ್ರಿ," ಎಂದಳು ಫಕೀರಮ್ಮ. "ನಾ ಹೇಳ್ತೀನಿ. ಕಲಸಾವರು ಕೀಲಿಮಣಿ ಮುಟ್ಟಬಾರ್ದು."

ಪಕ್ಕದ ಸ್ಟೂಲಿನ ಮೇಲೆ ಕುಳಿತು ಒಂದೊಂದೇ ಹೇಳುತ್ತ ಹೋದಳು. ಎಡಗಡೆ ಮೂರನೇ ಸಾಲು ಒತ್ತಿರಿ. ಕೆಳಗೆ ಬರ್ರಿ. ಶಹನಾಜಬೇಗಂ ಹೇಳಿದಂತೆ ಒತ್ತುತ್ತ ಹೋದಳು. ಹುಡುಕುವ ಪುಟ ತೆರೆಯಿತು.

"ಸತ್ತವರ ಹೆಸರ ಹೇಳ್ರಿ," ಎಂದಳು.

ಫಕೀರಮ್ಮನ ಕೈ ಚೀಲದೊಳಗೆ ಹೋಗಿ ಕಾಗದ ಹುಡುಕಿತು. ಕಾಗದ ಒಳಗೆ ಗೋವಿಂದರಾಜರ ಮೇಜಿನ ಮೇಲಿತ್ತು. ವಿರುಪಣ್ಣ ಜೊತೆಗೆ ಬಂದಿರಲಿಲ್ಲ.

ಶಹನಾಜಬೇಗಂ ತಿರುಗಿ ನೋಡಿದಳು. ಅವಳಿಗೆ ತಿಳಿಯಿತು.

"ನಮ್ಮತ್ತಿನೂ ಹಂಗ ಇದ್ರು. ಸಾಯೂತನಾ ಹೆಸರ ಹೇಳಲಿಲ್ಲ," ಎಂದು ಕೀಲಿಮಣೆಯನ್ನು ಇವಳ ಕಡೆ ಸರಿಸಿದಳು. "ತಗೋರಿ, ನೀವ ಹೊಡೀರಿ."

ಫಕೀರಮ್ಮ ಕೀಲಿಮಣೆಯನ್ನು ನೋಡಿದಳು. ಬೆರಳಿಂದಾದರೆ ಬರೆಯಬಲ್ಲಳು. ಆದರೆ ಕಲಿಸಲು ಕುಳಿತವಳು ಮುಟ್ಟುವ ಹಾಗಿಲ್ಲ. ಮೇಘಾ ಮೊನ್ನೆ ಅಳುತ್ತಲೂ ಮುಟ್ಟಿರಲಿಲ್ಲ. ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಗ್ಯಾನಪ್ಪ," ಎಂದಳು.

ದನಿ ಅವಳದೇ ಆಗಿತ್ತು. ಪಕ್ಕದ ಮೇಜಿನವನು ಸ್ಟೇಪ್ಲರ್ ಒತ್ತುತ್ತಿದ್ದ, ಒತ್ತುತ್ತಲೇ ಇದ್ದ. ಶಹನಾಜಬೇಗಂ ಹೊಡೆದುಕೊಂಡು, ತಂದೆಯ ಹೆಸರು ಕೇಳಿದಳು. ಫಕೀರಮ್ಮ ಅದನ್ನೂ ಹೇಳಿದಳು. ಎರಡು ಸಾಲು ಬಂದವು, ಹನ್ನೊಂದು ಮತ್ತು ಹದಿನಾಲ್ಕು. ಯಾವುದನ್ನು ತೆಗೆಯಲಿ ಎಂದು ಶಹನಾಜಬೇಗಂ ಕೇಳಿದಳು.

"ಮ್ಯಾಲಿಂದು. ಹನ್ನೊಂದು."

ಕೆಂಪು ಗುಂಡಿ ಬಂತು. ಶಹನಾಜಬೇಗಂಳ ಬೆರಳು ಅದರ ಕಡೆ ಹೋಯಿತು.

"ಒತ್ತೋಕಿಂತ ಮೊದಲ ಒಮ್ಮೆ ಓದ್ರಿ," ಎಂದಳು ಫಕೀರಮ್ಮ. "ಮ್ಯಾಲಿಂದ ಕೆಳಗಿನತನಾ."

ಶಹನಾಜಬೇಗಂ ಗಟ್ಟಿಯಾಗಿ ಓದಿದಳು. ಹೆಸರು ಗ್ಯಾನಪ್ಪ. ತಾಯಿ ಮುದಕಮ್ಮ. ಸ್ಥಳ ಬಿಳೇಗುಡ್ಡ. ತಾರೀಖು ಹನ್ನೊಂದು. ವೇಳೆ ಬೆಳಿಗ್ಗೆ ಒಂಬತ್ತು ಹದಿನೈದು. ಸದರಿ ದಾಖಲೆಯನ್ನು ರದ್ದುಪಡಿಸಲಾಗುವುದು. ಸರಿ ಐತೇನು ಎಂದಳು. ಸರಿ ಐತ್ರಿ ಎಂದಳು ಫಕೀರಮ್ಮ. ಶಹನಾಜಬೇಗಂ ಗುಂಡಿ ಒತ್ತಿದಳು. ಮೇಲಿನ ಸಾಲು ಹೋಯಿತು, ಕೆಳಗಿನದು ಮೇಲೆ ಬಂತು.

ಗೋವಿಂದರಾಜ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಕರೆದು ಕಡತ ಬಿಚ್ಚಿದರು. ತಾರೀಖು ತಪ್ಪಿದ್ದರಿಂದ ಇವಳಿಗೆ ಯಾವ ಲಾಭವೂ ಇಲ್ಲ, ತಪ್ಪನ್ನು ತಾನೇ ಒಪ್ಪಿಕೊಂಡಿದ್ದಾಳೆ, ಸರಿಪಡಿಸಿದ್ದಾಳೆ ಎಂದು ಬರೆದು ಅನುಮೋದನೆಗೆ ಸಹಿ ಹಾಕಿದರು. ಒಪ್ಪಿಗೆ ಕೊಟ್ಟ ಪಿಡಿಒಗೆ ಒಂದು ನೋಟಿಸು ಎಂದರು. ಇವಳಿಗೂ ಒಂದು ಎಚ್ಚರಿಕೆ ಎಂದರು. ಅದು ಸೇವಾ ಪುಸ್ತಕದ ಮೊದಲ ಪುಟದಲ್ಲೇ ಹತ್ತುತ್ತದೆ, ನಿವೃತ್ತಿಯವರೆಗೂ ಇರುತ್ತದೆ. ಎಚ್ಚರಿಕೆಯ ಕಾಗದ ಮುಂದಿಟ್ಟು ತಳದಲ್ಲಿ ಬೆರಳು ತೋರಿಸಿದರು. ಫಕೀರಮ್ಮ ಅದನ್ನು ಮೇಲಿಂದ ಕೆಳಗಿನವರೆಗೆ ಓದಿ ಸಹಿ ಮಾಡಿದಳು.

ಹೊರಗೆ ಬಂದಾಗ ಶಹನಾಜಬೇಗಂ ಡ್ರಾಯರ್ ತೆರೆದು ಒಂಬತ್ತು ಅರ್ಜಿಗಳನ್ನು ಮೇಜಿನ ಮೇಲೆ ಹಾಕಿಕೊಂಡಿದ್ದಳು. ಎರಡನೆಯದರಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಫಕೀರಮ್ಮ ಮತ್ತೆ ಸ್ಟೂಲಿನ ಮೇಲೆ ಕುಳಿತಳು. ಅದು ಮುಗಿಯುವಷ್ಟರಲ್ಲಿ ಎರಡೂವರೆಯ ಬಸ್ಸು ಹೋಗಿತ್ತು.

ಗುರುವಾರ ಎಲ್ಲರೂ ಬಂದರು. ಕೆಲಸ ಉಳೀತೇನು ತಂಗಿ ಎಂದು ವಿರುಪಣ್ಣ ಕೇಳಿದ. ಉಳೀತು ಎಂದಳು. ಅವನು ಇನ್ನೂ ಏನೋ ಕೇಳಬೇಕೆಂದಿದ್ದ. ಅವಳ ಮುಖ ನೋಡಿ ಬಿಟ್ಟ. ಮೌಸನ್ನು ಕೆಳಗಿಟ್ಟೇ ಸರಿಸಿದ.

ಮೇಘಾ ನೋಟುಬುಕ್ಕನ್ನು ಅವಳ ಮುಂದಿಟ್ಟಳು. ಫಕೀರಮ್ಮ ಬರೆದಳು. ಯಾರಿಗೆ ಕಲಿಸಿದಿರಿ ಎಂಬ ಕಡೆ, ಶಹನಾಜಬೇಗಂ, ಕೊಪ್ಪಳ. ಏನು ಕಲಿಸಿದಿರಿ ಎಂಬ ಕಡೆ, ಮರಣ ರದ್ದು ಮಾಡುವುದು. ತಾರೀಖು ಹಾಕಿ, ಒಮ್ಮೆ ಓದಿ, ಸಹಿ ಮಾಡಿದಳು.